ಹಿತ್ತಲಲ್ಲಿ ಹೊಯ್ದ ನೀರು

ಭಾನುವಾರ ಬೆಳಿಗ್ಗೆ ಒಗೆಯುವ ಕಲ್ಲಿನ ಮೇಲೆ ಯಜಮಾನರ ಪ್ಯಾಂಟು ಹರಡಿ ಸೋಪು ತಿಕ್ಕುತ್ತಿದ್ದೆ. ಒಳಗಿನಿಂದ ಸ್ಫೂರ್ತಿ ಕೂಗಿದಳು.

"ಅಮ್ಮಾ, ಶುರುವಾಯ್ತು ಬಾ! ಆಮೇಲೆ ಮೊದಲಿಂದ ಕಥೆ ಹೇಳು ಅಂದ್ರೆ ನಾನು ಹೇಳಲ್ಲ."

"ಇನ್ನೆರಡು ಬಟ್ಟೆ ಇದೆ ಕಣೇ, ಬತ್ತೀನಿ."

"ಹೆಣ ಸಿಕ್ಬಿಡ್ತು ಅಮ್ಮಾ!"

ಹನ್ನೆರಡು ವರ್ಷದ ಹುಡುಗಿ ಬೀದಿಗೆಲ್ಲ ಕೇಳುವ ಹಾಗೆ ಹೀಗೆ ಕೂಗಿದರೆ ಅಕ್ಕಪಕ್ಕದವರು ಏನಂದುಕೊಳ್ಳಬೇಕು? ಕೈಯ ನೊರೆಯನ್ನು ಸೆರಗಿಗೆ ಅರೆಬರೆ ಒರೆಸಿಕೊಂಡು ಒಳಗೆ ಹೋದೆ.

ಅದು ಹೊರದೇಶದ ಧಾರಾವಾಹಿ, ಕನ್ನಡಕ್ಕೆ ಡಬ್ ಮಾಡಿದ್ದು. ಅದರಲ್ಲಿ ಐದು ಜನ ಪೊಲೀಸರು. ಅವರು ಓಡುವುದಿಲ್ಲ, ಹೊಡೆಯುವುದಿಲ್ಲ. ಮೇಜಿನ ಸುತ್ತ ಕೂತು, ಕೊಲೆ ಆದ ರೀತಿ ನೋಡಿಯೇ ಕೊಂದವನು ಎಂಥವನು ಅಂತ ಹೇಳುತ್ತಾರೆ. ವಯಸ್ಸು ಇಷ್ಟು, ಮನೆಯಲ್ಲಿ ಹೀಗಿರುತ್ತಾನೆ, ತಾಯಿಯ ಹತ್ತಿರ ಹೀಗೆ ಮಾತಾಡುತ್ತಾನೆ, ಅಂತ. ಅವರಲ್ಲಿ ಕನ್ನಡಕದ ಹೆಂಗಸೊಬ್ಬಳು ನಮ್ಮಿಬ್ಬರಿಗೂ ಇಷ್ಟ. ಸ್ಫೂರ್ತಿ ಅವಳಿಗೆ ಚಷ್ಮಾ ಮೇಡಂ ಅಂತ ಹೆಸರಿಟ್ಟಿದ್ದಾಳೆ. ಕೊಲೆಗಾರ ಯಾರು ಅಂತ ಮೊದಲು ಹೇಳಿದವರಿಗೆ ಒಂದು ಕೊಬ್ಬರಿ ಮಿಠಾಯಿ ಅನ್ನುವುದು ನಮ್ಮ ಪಂದ್ಯ. ಗೆಲ್ಲುವವಳು ಅವಳೇ.

ಒಮ್ಮೆ ಮಿಠಾಯಿ ಡಬ್ಬವೇ ಖಾಲಿಯಾಗಿತ್ತು. ನಾನು ಮೇಡಂ ಹಾಗೆ ಸೊಂಟಕ್ಕೆ ಕೈಯಿಟ್ಟು ಹೇಳಿದ್ದೆ: "ಕಳ್ಳನ ಎತ್ತರ ನಾಲ್ಕೂವರೆ ಅಡಿ. ಮುಂದಿನ ಹಲ್ಲು ಸ್ವಲ್ಪ ಸೊಟ್ಟ. ಹತ್ತಿದ ಸ್ಟೂಲನ್ನ ವಾಪಸ್ ಜಾಗಕ್ಕಿಡೋ ಅಭ್ಯಾಸ ಇಲ್ಲ." ಮಗು ನಕ್ಕು ನಕ್ಕು ನೆಲದ ಮೇಲೆ ಹೊರಳಿತ್ತು. ಆ ನಗು ಕೇಳಿ ಆರು ತಿಂಗಳಾಯಿತು.

ಇವತ್ತಿನ ಕಥೆಯಲ್ಲಿ ಒಂದು ಸಣ್ಣ ಊರು. ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ ನಾಲೆಯ ದಂಡೆಯಲ್ಲಿ ಹೆಣವಾಗಿ ಸಿಕ್ಕಿದ್ದಾಳೆ. ಅವಳ ಜೊತೆ ಜಗಳವಾಡಿದ್ದ ಹುಡುಗನನ್ನು ಊರಿನ ಪೊಲೀಸರು ಹಿಡಿದು ಕೂರಿಸಿದ್ದಾರೆ. ಅಷ್ಟು ನೋಡುವಷ್ಟರಲ್ಲೇ ನನ್ನ ಬೆರಳ ಮೇಲೆ ನೊರೆ ಒಣಗಿ ಬಿಗಿಯತೊಡಗಿತು. ರಿಮೋಟು ಸ್ಫೂರ್ತಿಯ ತೊಡೆಯ ಮೇಲಿತ್ತು. ಬೇರೆ ಏನಾದರೂ ಹಾಕು ಅನ್ನಬಹುದಿತ್ತು. ಅಂದರೆ ಯಾಕೆ ಅಂತ ಕೇಳುತ್ತಾಳೆ.

ಕೋಮಲಾ ನಮ್ಮ ಹಿಂದಿನ ಬೀದಿಯ ಹುಡುಗಿ. ಕಡೂರಿನಿಂದ ದಿನಾ ತರೀಕೆರೆಗೆ ಹೋಗಿ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಬಸ್ಸು ತಪ್ಪಿದ ದಿನ ನಮ್ಮವರ ಲಗೇಜ್ ಆಟೋದಲ್ಲಿ ಮುಂದೆ ಕೂತು ಬಂದಿಳಿಯುತ್ತಿದ್ದಳು. "ಅಕ್ಕಾ, ನಿಮ್ಮ ಯಜಮಾನ್ರು ಪುಣ್ಯ ಕಟ್ಕೊಂಡ್ರು" ಅಂತ ಬಾಗಿಲಲ್ಲೇ ನಿಂತು ನಗುತ್ತಿದ್ದಳು. ಫೆಬ್ರವರಿಯಲ್ಲಿ ಒಂದು ದಿನ ಬರಲಿಲ್ಲ. ಎಂಟನೇ ದಿನ ಅಜ್ಜಂಪುರದ ಹತ್ತಿರ, ರೈಲು ಹಳಿಯ ಪಕ್ಕದ ಹಳ್ಳದಲ್ಲಿ, ಅರ್ಧ ಮಣ್ಣು ಮುಚ್ಚಿದ ಹಾಗೆ ಸಿಕ್ಕಳು.

ಅವಳು ಕಾಣೆಯಾದ ದಿನ ಸಂಜೆ ನಮ್ಮವರು ಮುಂದಿನ ಬಾಗಿಲಿಗೆ ಬರಲಿಲ್ಲ. ಹಿತ್ತಲ ಗೇಟಿನ ಹತ್ತಿರ ನಿಂತು ಕರೆದರು.

"ಲೇ, ತರೀಕೆರೆ ಮಂಡಿ ತೀರ್ಥಪ್ಪನೋರು ಹೋಗ್ಬಿಟ್ರು ಕಣೇ. ಮಣ್ಣಿಗೆ ಹೋಗಿ ಬಂದೆ. ಮುಟ್ಬೇಡ, ನೀರು ಹಾಕು."

ಸಾವಿನ ಮನೆಯಿಂದ ಬಂದವರನ್ನು ಏನೂ ಕೇಳಬಾರದು, ಮೊದಲು ನೀರು. ಚಿಕ್ಕಂದಿನಿಂದ ಕಲಿತಿದ್ದು ಅದೇ. ಸ್ಫೂರ್ತಿ ಡ್ರಮ್ಮಿನಿಂದ ಚೊಂಬು ಚೊಂಬು ಮೊಗೆದು ಬಕೆಟ್ಟಿಗೆ ತುಂಬಿದಳು. ನಾನು ಅವರ ತಲೆಯ ಮೇಲೆ ಹೊಯ್ದೆ. ಉಟ್ಟ ಬಟ್ಟೆಯಲ್ಲೇ ನಿಂತು ಮಿಂದರು. ಮುಂಗೈಯಲ್ಲಿ ಉದ್ದಕ್ಕೆ ಗೀರಿತ್ತು. "ಚಟ್ಟದ ಬಿದಿರು ತಾಗ್ತು" ಅಂದರು. ಬಿಚ್ಚಿ ಹಾಕಿದ ಬಟ್ಟೆಯನ್ನು ಆಗಲೇ ಕಲ್ಲಿನ ಮೇಲೆ ಕುಕ್ಕಿ ಒಗೆದೆ. ಮಣ್ಣಿಗೆ ಹೋದವರ ಬಟ್ಟೆಯಲ್ಲಿ ಮಣ್ಣಿರದೆ ಇನ್ನೇನಿರುತ್ತದೆ?

ಆದರೆ ತರೀಕೆರೆಯ ರುದ್ರಭೂಮಿಯದು ಕೆಂಪು ಮಣ್ಣು. ನನ್ನ ಚಿಕ್ಕಪ್ಪನನ್ನು ಮಣ್ಣು ಮಾಡಿದ್ದೂ ಅಲ್ಲೇ. ಅವತ್ತು ಕಲ್ಲಿನಿಂದ ಇಳಿದು ತುಳಸಿಯ ಬುಡದವರೆಗೆ ಹರಿದ ನೀರು ಕಪ್ಪಗಿತ್ತು. ಅಜ್ಜಂಪುರದ ಎರೆಹೊಲದ ಕಪ್ಪು. ನಾನು ಅದನ್ನು ನೋಡಿದೆ. ನೋಡಿ ಇನ್ನೊಂದು ಬಕೆಟ್ ನೀರು ಸುರಿದೆ.

ಹೆಣ ಸಿಕ್ಕ ಮೇಲೆ ಒಂದು ಮಧ್ಯಾಹ್ನ ಅವರು ಊಟ ಮಾಡುತ್ತಾ ಅಂದರು: "ಆ ಹುಡ್ಗಿ ನನ್ನ ಆಟೋದಲ್ಲಿ ಬತ್ತಿದ್ಲು ಅಂತ ಯಾರೋ ಹೇಳವ್ರೆ. ಪೊಲೀಸ್ರು ಬರಬಹುದು. ಅವತ್ತು ಊಟಕ್ಕೆ ಬಂದೋನು ಮನೇಲೇ ಮಲಗಿದ್ದೆ ಅಂದ್ಬಿಡು. ಇಲ್ಲಾಂದ್ರೆ ಸಾಕ್ಷಿ ಗೀಕ್ಷಿ ಅಂತ ವರ್ಷಗಟ್ಲೆ ಅಲೆಸ್ತಾರೆ."

ಪೊಲೀಸರು ಬಂದರು. ಮೆಟ್ಟಿಲಲ್ಲಿ ಬೂಟು ಬಿಚ್ಚಿ ಒಳಗೆ ಬಂದರು. ಕಾಫಿ ಕೊಟ್ಟೆ. ಅವರು ಕೇಳಿದರು, ನಾನು ಹೇಳಿದೆ. ಊಟಕ್ಕೆ ಬಂದವರು ಮನೆಯಲ್ಲೇ ಮಲಗಿದ್ದರು. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಸ್ಫೂರ್ತಿ ಪುಸ್ತಕ ಎದೆಗವಚಿಕೊಂಡು ನಿಂತಿದ್ದಳು. ಪೊಲೀಸರು ಹೋದ ಮೇಲೆ ಅವಳು ಲೋಟಗಳನ್ನು ತೆಗೆದುಕೊಂಡು ಹೋಗಿ ತೊಳೆದಿಟ್ಟಳು. ಅವಳಾಗಿ ಪಾತ್ರೆ ತೊಳೆದದ್ದು ಅದೇ ಮೊದಲು.

ಆ ವಾರವೇ ಚಂದ್ರಕುಮಾರನನ್ನು ಹಿಡಿದರು. ನಮಗೆ ಸೊಪ್ಪು ಕೊಡುವ ಮಾರಮ್ಮನ ಒಬ್ಬನೇ ಮಗ. ಕೋಮಲಾಳನ್ನು ಮದುವೆಯಾಗಬೇಕು ಅಂತಿದ್ದವನು. ಅವತ್ತು ಅವಳಿಗೆ ಹನ್ನೊಂದು ಸಲ ಫೋನ್ ಮಾಡಿದ್ದನಂತೆ. ಬಸ್ ಸ್ಟ್ಯಾಂಡಿನಲ್ಲಿ ಜಗಳವಾಡಿದ್ದನ್ನೂ ಜನ ನೋಡಿದ್ದರಂತೆ. ಆರು ತಿಂಗಳಿಂದ ಜೈಲಿನಲ್ಲಿದ್ದಾನೆ.

ಅವನೇ ಮಾಡಿದ್ದು ಅಂತ ನಾನೂ ನಂಬಿದೆ. ನಂಬಿಕೊಂಡು ಒಂದು ತಿಂಗಳು ನಿದ್ದೆ ಮಾಡಿದೆ. ಮಾರ್ಚಿ ಕೊನೆಯಲ್ಲಿ ಬೀರೂರಿನಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಎಲೆ ಮುಂದೆ ಕೂತಿದ್ದಾಗ ಬಿಳಿ ಪಂಚೆಯ ಮುದುಕರೊಬ್ಬರು ಬಂದು ನಿಂತರು.

"ಏನಮ್ಮಾ, ಓಂಕಾರಮೂರ್ತಿ ಬರಲಿಲ್ವಾ? ಮಂಡಿ ಕಡೆ ತಲೆ ಹಾಕಿ ಎಷ್ಟು ದಿನ ಆಯ್ತು! ತೀರ್ಥಪ್ಪ ಕೇಳ್ದ ಅಂತ ಹೇಳಮ್ಮ."

ಸ್ಫೂರ್ತಿಯ ಕೆನ್ನೆ ತಟ್ಟಿ ತಮ್ಮ ಕೈಯಲ್ಲಿದ್ದ ಲಾಡು ಅವಳ ಎಲೆಗೆ ಹಾಕಿ ಹೋದರು. ನಾನು ಎಲೆ ಮಡಚಿದೆ. ಮಗುವಿಗೆ ಹೆಸರು ನೆನಪಿರಲಾರದು, ನೀರು ಮೊಗೆಯುವ ಗಡಿಬಿಡಿಯಲ್ಲಿ ಕೇಳಿಸಿರಲಾರದು ಅಂದುಕೊಂಡೆ. ಅವಳು ಲಾಡು ಮುಟ್ಟಲಿಲ್ಲ. ಹೊಟ್ಟೆ ತುಂಬಿರಬೇಕು ಅಂದುಕೊಂಡೆ.

ಮಾರನೇ ದಿನ ನಮ್ಮವರಿಗೆ ಬಡಿಸುತ್ತಾ ಹೇಳಿದೆ: "ಮಂಡಿ ತೀರ್ಥಪ್ಪನೋರು ಮದುವೆಗೆ ಬಂದಿದ್ರು ಕಣ್ರೀ."

ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. ನನ್ನ ಮುಖ ನೋಡಲಿಲ್ಲ. "ಹೋಗಿದ್ದು ಬೇರೆ ತೀರ್ಥಪ್ಪ. ಸಾರು ಹಾಕು."

ಹಾಕಿದೆ.

ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವರು ನನ್ನ ಮೇಲೆ ಕೈಯೆತ್ತಿಲ್ಲ. ಬೀರೂರು ಕಡೆ ಬಾಡಿಗೆ ಸಿಕ್ಕಿದಾಗೆಲ್ಲ ಮಗಳಿಗೆ ಖಾರ ಮಂಡಕ್ಕಿ ಕಟ್ಟಿಸಿಕೊಂಡು ಬರುತ್ತಾರೆ. ಮೊದಲು ಅವಳು ಪೊಟ್ಟಣ ಕಿತ್ತುಕೊಂಡು ಓಡುತ್ತಿದ್ದಳು. ಈಗ ಅಲ್ಲಿಡಿ ಅನ್ನುತ್ತಾಳೆ. ಅದು ಅಲ್ಲೇ ಮೆತ್ತಗಾಗುತ್ತದೆ. ನಾನು ಇರುವೆಗೆ ಹಾಕುತ್ತೇನೆ.

ಟಿವಿಯಲ್ಲಿ ಜಾಹೀರಾತು ಮುಗಿಯಿತು. ಚಷ್ಮಾ ಮೇಡಂ ಹುಡುಗಿಯ ಫೋಟೋ ಹಿಡಿದುಕೊಂಡು ಹೇಳುತ್ತಿದ್ದಳು: "ಜಗಳ ಆಡಿದವನು ಎಲ್ಲರ ಕಣ್ಣಿಗೂ ಬೀಳ್ತಾನೆ. ನಾವು ಹುಡುಕ್ತಿರೋ ಮನುಷ್ಯ ಯಾರ ಕಣ್ಣಿಗೂ ಬೀಳಲ್ಲ. ಕೆಲಸ ಮುಗಿಸಿ ಮನೆಗೆ ಹೋಗಿದ್ದಾನೆ, ಊಟ ಮಾಡಿದ್ದಾನೆ. ಬಟ್ಟೆಯನ್ನ ಅವನು ತೊಳೆದಿಲ್ಲ, ಬೇರೆಯವರ ಕೈಲಿ ತೊಳೆಸಿದ್ದಾನೆ. ಅವನನ್ನಲ್ಲ, ಆ ಕೈಯನ್ನ ಹುಡುಕಿ."

ಇಂಥ ಕಡೆ ಸ್ಫೂರ್ತಿ ಕುಣಿದು ಹೆಸರು ಹೇಳುವವಳು. ಇವತ್ತು ಅಲುಗಾಡಲಿಲ್ಲ.

"ಯಾರೇ ಕೊಲೆಗಾರ?" ಅಂದೆ. "ಮಿಠಾಯಿ ಬೇಡ್ವಾ?"

ಅವಳು ನನ್ನ ಕೈ ನೋಡಿದಳು. ಒಣಗಿದ ಸೋಪು ಬೆರಳ ಸಂದಿಯಲ್ಲಿ ಬೆಳ್ಳಗೆ ಬಿರುಕು ಬಿಟ್ಟಿತ್ತು. ರಿಮೋಟು ಒತ್ತಿ ಟಿವಿ ಆರಿಸಿದಳು.

"ಮುಗಿದಿಲ್ವಲ್ಲೇ ಇನ್ನೂ."

"ಸಾಕು."

ಅಷ್ಟರಲ್ಲಿ ಮುಂದಿನ ಗೇಟು ಕಿರುಗುಟ್ಟಿತು. ಮಾರಮ್ಮ ಕುಕ್ಕೆ ಇಳಿಸಿ ಮೆಟ್ಟಿಲ ಮೇಲೆ ಕೂತಳು.

"ದಂಟು ಐತೆ, ಹೊನಗೊನ್ನೆ ಐತೆ. ಯಾವ್ದು ಕೊಡ್ಲಿ ಅಮ್ಮಾರೆ?"

"ಎರಡೂ ಕೊಡು ಮಾರಮ್ಮ."

"ಎಲ್ಡೂನಾ? ಮೂರು ಜನ ಏನು ದನ ಮೇಯ್ದಂಗೆ ಮೇಯ್ತೀರಾ? ಹೋದ್ಸಲದ್ದೇ ಬಾಡ್ಸಿ ಬಿಸಾಕಿರ್ತೀರ ಬಿಡಿ."

ಅವಳು ಹೇಳಿದ್ದು ನಿಜ. ಬೀರೂರಿನ ಆ ಮದುವೆಯಿಂದೀಚೆಗೆ ಬೇಕಾದ್ದಕ್ಕಿಂತ ಎರಡು ಪಟ್ಟು ಸೊಪ್ಪು ಕೊಳ್ಳುತ್ತಿದ್ದೇನೆ. ನನ್ನಿಂದ ಆಗುವುದು ಅಷ್ಟೇ ಅನ್ನುವ ಹಾಗೆ.

"ಚಂದ್ರನ್ನ ನೋಡೋಕೆ ಹೋಗಿದ್ಯಾ?"

"ಬುಧ್ವಾರ ಹೋಗಿದ್ದೆ. ಕಡ್ಡಿ ಆಗ್ಬಿಟ್ಟವ್ನೆ. ಅವ್ವಾ, ನೀನಾದ್ರೂ ನಂಬ್ತೀಯಾ ಅಂತ ಕೇಳ್ದ. ಹೆತ್ತೋಳ್ನ ಹಂಗೆ ಕೇಳೋದಾ ಅಮ್ಮಾರೆ?" ಅವಳು ಸೊಪ್ಪಿನ ಬೇರಿನ ಮಣ್ಣನ್ನು ಕೊಡವುತ್ತಲೇ ಇದ್ದಳು. "ವಕೀಲ್ರು ಏನಂತಾರೆ ಗೊತ್ತಾ? ಅವತ್ತು ಆ ಹೆಣ್ಮಗೀನ ಬೇರೆ ಯಾರ್ ಜೊತೇಲೋ ನೋಡಿದೋರು, ಬೇರೆ ಯಾರ್ ಮೇಲೋ ಅನುಮಾನ ಇರೋರು, ಒಬ್ರು ಬಾಯ್ಬಿಟ್ರೆ ಕೇಸು ತಿರುಗ್ತದಂತೆ. ಒಬ್ರೇ ಒಬ್ರು. ಇಷ್ಟು ದೊಡ್ಡೂರಲ್ಲಿ ಒಬ್ರಿಗೂ ಕಣ್ಣಿರಲಿಲ್ವಾ?"

ನಾನು ದಂಟಿನ ಕಟ್ಟು ಬಿಚ್ಚಿ ಮತ್ತೆ ಕಟ್ಟಿದೆ.

"ನಮ್ಮನೆಗೆ ಬೂಟಲ್ಲೇ ನುಗ್ಗಿದ್ರು ಕಣ್ರಮ್ಮ" ಅಂದಳು ಮಾರಮ್ಮ. "ಹಿಟ್ಟಿನ ಮಡಕೆ ಒದ್ರು. ನಾವು ಹೇಳಿದ್ದು ಯಾರ್ ಕೇಳ್ತಾರೆ? ನಿಮ್ಮಂಥೋರು ಹೇಳಿದ್ರೆ ಕೇಳ್ತಾರೆ."

ಬಾಯಿ ತೆರೆದೆ. ಆ ಕ್ಷಣ ಹೇಳಿಬಿಡುತ್ತೇನೆ ಅಂತ ನನಗೇ ಅನ್ನಿಸಿತ್ತು. ಹೇಳಿದರೆ ಈ ಮನೆ ಇರುವುದಿಲ್ಲ. ನನ್ನ ಮಗಳು ಬೀದಿಯಲ್ಲಿ ನಡೆದರೆ ಕೊಲೆಗಾರನ ಮಗಳು ಅನ್ನುತ್ತಾರೆ. ಹೇಳದಿದ್ದರೆ ಈ ಹೆಂಗಸಿನ ಮಗ ಅಲ್ಲೇ ಮುದುಕನಾಗುತ್ತಾನೆ. ನನ್ನ ಬಾಯಿಂದ ಬಂದದ್ದು ಇಷ್ಟು:

"ದೇವರಿದ್ದಾನೆ ಮಾರಮ್ಮ."

"ಇದ್ರೆ ಇರ್ಲಿ ಬಿಡಿ" ಅಂದಳು. ಕುಕ್ಕೆ ಎತ್ತಲು ಸೆರಗು ಸುತ್ತಿ ಸಿಂಬೆ ಮಾಡಿದಳು.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಸ್ಫೂರ್ತಿ ಬಾಗಿಲಿಗೆ ಬಂದು ನಿಂತಿದ್ದಳು. ಅಂಗೈ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು. ಅವಳು ನನ್ನನ್ನೇ ನೋಡಿದಳು, ಆಮೇಲೆ ಮಾರಮ್ಮನನ್ನು, ಮತ್ತೆ ನನ್ನನ್ನು. ಒಳಗೆ ಹೋಗು ಮಗಾ ಅನ್ನಬೇಕು ಅಂದುಕೊಂಡೆ. ಕುಕ್ಕೆಯನ್ನು ಅರ್ಧ ಎತ್ತಿದ್ದ ಮಾರಮ್ಮ ಹಾಗೇ ನಿಂತಳು.

"ಅಮ್ಮಾ" ಅಂದಳು ನನ್ನ ಮಗಳು, ಪಾಠ ಒಪ್ಪಿಸುವಾಗಿನಷ್ಟೇ ಜೋರಾಗಿ, ಸ್ಪಷ್ಟವಾಗಿ. "ತೀರ್ಥಪ್ಪ ತಾತ ಬದುಕೇ ಇದ್ದಾರಲ್ಲ. ಅವತ್ತು ಹಿತ್ತಲಲ್ಲಿ ನಾವಿಬ್ರೂ ನೀರು ಹೊಯ್ದಾಗ, ಅಪ್ಪ ಯಾರ ಮಣ್ಣಿಗೆ ಹೋಗಿ ಬಂದಿದ್ರು?"