ಮೊದಲ ತುತ್ತು

ಮಸ್ಕತ್ತಿನ ಆಸ್ಪತ್ರೆಯ ಮಾನಸಿಕ ರೋಗಿಗಳ ವಾರ್ಡಿನ ಬಾಗಿಲಲ್ಲಿ ವಾರಿಜಾಕ್ಷಿಯ ಶಾಲು, ಮೊಬೈಲು, ಸ್ಟೀಲ್ ಚಮಚ ಎಲ್ಲವನ್ನೂ ತೆಗೆದಿರಿಸಿಕೊಂಡರು. ಉಳಿದದ್ದು ನೀರುದೋಸೆಯ ಪ್ಲಾಸ್ಟಿಕ್ ಡಬ್ಬಿ ಮತ್ತು ಬೆಳಗಿನ ಗಣಪತಿ ಪೂಜೆಯಲ್ಲಿ ಮುಡಿಗೆ ಸಿಕ್ಕಿಸಿಕೊಂಡ ಗರಿಕೆ. "ಖಲಾಸ್, ಯಲ್ಲಾ", ಮುಗಿಯಿತು, ನಡಿ ಎಂದು ಕಾವಲಿನವನು ಅರಬ್ಬಿಯಲ್ಲಿ ಹೇಳಿ ಒಳಗೆ ಬಿಟ್ಟ.

ಗಂಡ ಭೋಜರಾಜ ಗೋಡೆಗೊರಗಿ ಕೂತಿದ್ದ. ಘಾಲಾ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ನೆಟ್ಟಗೆ ಕೆಲಸ ಮಾಡಿಕೊಂಡಿದ್ದ ಮನುಷ್ಯ. ಊಟಕ್ಕೆ ಯಾರೋ ವಿಷ ಹಾಕುತ್ತಿದ್ದಾರೆಂಬ ಭಯ ಹೊಕ್ಕಿದ್ದೇ ಅನ್ನ ಬಿಟ್ಟ, ನಿದ್ದೆ ಬಿಟ್ಟ, ಕೊನೆಗೆ ಬಡಿಸಲು ಬಂದ ಹೆಂಡತಿಯ ಮೇಲೇ ಕೈಯೆತ್ತಿದ. ಇಲ್ಲಿಗೆ ಸೇರಿಸಿದ ಮೇಲೂ ಸೀಲು ಒಡೆಯದ ಬಿಸ್ಕೀಟು, ನೀರು ಬಿಟ್ಟರೆ ಬೇರೇನೂ ಮುಟ್ಟುತ್ತಿರಲಿಲ್ಲ.

ಡಬ್ಬಿ ಕಂಡದ್ದೇ ಅವನ ಕಣ್ಣು ಕೆಂಪಾಯಿತು. "ಮೊದಲು ನೀನು ತಿನ್ನು."

ಅಂದು ಸಂಕಷ್ಟಿ. ಚಂದ್ರ ಕಾಣದೆ ವಾರಿಜಾಕ್ಷಿ ಬಾಯಿಗೆ ಏನೂ ಹಾಕುವವಳಲ್ಲ. ಮದುವೆಯಾದ ಲಾಗಾಯ್ತು ಒಮ್ಮೆಯೂ ತಪ್ಪಿಸಿರಲಿಲ್ಲ. ಆದರೆ ಈಗ ಉಪವಾಸವೆಂದರೆ ಅವನು ನಂಬಿಯಾನೇ? ವಿಷವಿರುವುದಕ್ಕೇ ನೆಪ ಹೇಳುತ್ತಾಳೆ ಎಂದುಕೊಂಡಾನು. ಸುಡಲಿ ಈ ವ್ರತ! ಅವಳು ದೋಸೆ ಮುರಿದಳು.

ತುತ್ತು ತುಟಿಗೆ ತಾಗುವಷ್ಟರಲ್ಲಿ ಭೋಜರಾಜ ಹಾರಿ ಬಂದು ಅವಳ ಮಣಿಕಟ್ಟು ಹಿಡಿದ. ನರ್ಸುಗಳಿಬ್ಬರು ಓಡಿ ಬಂದರು. ಏಟು ಬಿತ್ತೆಂದೇ ಅವಳು ಕಣ್ಣು ಮುಚ್ಚಿದಳು.

ಬೀಳಲಿಲ್ಲ. ಅವನು ಅವಳ ಮುಡಿಯ ಗರಿಕೆಯನ್ನೇ ನೋಡುತ್ತಿದ್ದ.

"ಇವತ್ತು ಸಂಕಷ್ಟಿ ಅಲ್ವಾ ಮಾರಾಯ್ತಿ? ಚಂದ್ರ ಬರ್ಲಿಲ್ಲ ಇನ್ನೂ."

ಅವಳ ಕೈಯಿಂದ ತುತ್ತು ಕಿತ್ತುಕೊಂಡ. ಕಣ್ಣು ಬಿಗಿಯಾಗಿ ಮುಚ್ಚಿ, ವಿಷ ನುಂಗುವವನ ಹಾಗೆ, ಅದನ್ನು ತನ್ನ ಬಾಯಿಗೆ ಹಾಕಿಕೊಂಡ.