ಚಿಕ್ಕಮ್ಮನ ಕಿಟಕಿ

"ಪರದೆ ಎಳೀರಿ," ಎಂದರು ಮೇಷ್ಟ್ರು. ಕಿಟಕಿಗಳ ಪಕ್ಕ ನಿಂತಿದ್ದ ವಿದ್ಯಾರ್ಥಿಗಳು ದಪ್ಪನೆಯ ಕಪ್ಪು ಪರದೆಗಳನ್ನು ಒಂದೊಂದಾಗಿ ಎಳೆದರು. ಕೋಣೆಯ ನಡುವಿನ ಉದ್ದ ಮೇಜಿನ ಮೇಲೆ ಸಾಲಾಗಿಟ್ಟಿದ್ದ ರಟ್ಟಿನ ಪುಟ್ಟ ಮನೆಗಳು ಕತ್ತಲಲ್ಲಿ ಮುಳುಗಿದವು. ಅವುಗಳಲ್ಲಿ ಒಂದು ಅವಳದು.

ಅವಳು ಓದಲು ಬಂದಿದ್ದ ಆ ದೇಶದಲ್ಲಿ ಗುರುಗಳನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಜೊತೆಯವರೆಲ್ಲ ಪಕ್ಕದ ಮನೆಯ ಗೆಳೆಯನನ್ನು ಕೂಗುವ ಹಾಗೆ ಕೂಗುತ್ತಿದ್ದರು. ಅವಳಿಗೆ ನಾಲಿಗೆ ಹೊರಳಲಿಲ್ಲ. ತಲೆ ಪೂರ್ತಿ ನರೆತ ಮನುಷ್ಯ, ಮೇಲಾಗಿ ಇವರಿಗಾಗಿಯೇ ಅಲ್ಲವೇ ತಾನು ಸಮುದ್ರ ದಾಟಿ ಬಂದದ್ದು. ಊರಿನ ಕಾಲೇಜಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದಾಗ, ಅವರು ಕಟ್ಟಿದ ಶಾಲೆಯೊಂದರ ಚಿತ್ರ ನೋಡಿದ್ದಳು. ಒಂದು ಗೋಡೆ, ಒಂದು ಬೆಂಚು, ಬೆಂಚಿನ ಮೇಲೆ ಬೆಳಕು, ಅಷ್ಟೇ. ಆ ಪುಟ ತಿರುವಲು ಮನಸ್ಸು ಬಾರದೆ, ಗ್ರಂಥಾಲಯದವರು ಬಾಗಿಲು ಹಾಕಬೇಕು ಏಳಮ್ಮ ಎನ್ನುವವರೆಗೂ ಕೂತಿದ್ದಳು.

ಆದರೆ ಬಂದ ಮಾತ್ರಕ್ಕೆ ಅವರ ಶಿಷ್ಯೆಯಾದ ಹಾಗಲ್ಲ. ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದ ಜೊತೆಗಾತಿ, ಈ ಶಾಲೆಯಲ್ಲಿ ಒಂದು ವರ್ಷ ಹಳಬಳು, ಮೊದಲೇ ಹೇಳಿಟ್ಟಿದ್ದಳು.

"ಮೊದಲ ಕ್ಲಾಸಲ್ಲೇ ಆರಿಸಿಬಿಡ್ತಾರೆ. ಬೈಯೋದು ಗಿಯ್ಯೋದು ಏನಿಲ್ಲ. ನಿನ್ನ ಮಾಡೆಲ್ ಎತ್ತಿ ನಿನ್ನ ಕೈಗೇ ಕೊಟ್ರು ಅಂದ್ರೆ ಮುಗೀತು, ಬೇರೆ ಮೇಷ್ಟ್ರ ಹತ್ರ ಹೋಗು ಅಂತ. ಮೇಜಿನ ಮೇಲೇ ಬಿಟ್ರೆ ಬಚಾವ್."

"ನಿಂದು?"

"ಕೈಗೆ ಕೊಟ್ರು. ಬಾಣಂತಿ ಕೈಗೆ ಮಗು ಕೊಟ್ಟ ಹಾಗೆ, ಅಷ್ಟು ಮೆತ್ತಗೆ. ಅದಕ್ಕೇ ಇನ್ನೂ ಜಾಸ್ತಿ ಅಳು ಬಂತು ನೋಡು."

ಕೊಟ್ಟಿದ್ದ ಕೆಲಸವೇನೋ ಕೇಳಲು ಸುಲಭ. ಶಾಲೆಯ ಹಿಂದಿನ ದಿಬ್ಬದ ಮೇಲೆ, ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರು ಕೂತು ಕೆಲಸ ಮಾಡಲು ಒಂದೇ ಒಂದು ಕೋಣೆ. ಅವಳು ಯೋಚಿಸಲೂ ಇಲ್ಲ. ತಾಯಿಯಿಲ್ಲದ ತನ್ನನ್ನು ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಮಲಗಿಸಿ, ಎಬ್ಬಿಸಿ, ಓದಿಸಿದ ಚಿಕ್ಕಮ್ಮನಿಗಲ್ಲದೆ ಇನ್ಯಾರಿಗೆ ಕಟ್ಟುವುದು? "ಕರಿ ಬಟ್ಟೆಗೆ ಕರಿ ದಾರ ಹಾಕೋಕೆ ಬೆಳಕು ಬೇಕು ಕಣೇ, ಬಿಸಿಲು ಬೇಡ. ಬಿಸಿಲು ಬಿದ್ರೆ ಕಣ್ಣು ಕೋರೈಸುತ್ತೆ," ಎನ್ನುತ್ತಿದ್ದಳು ಚಿಕ್ಕಮ್ಮ. ಹಾಗಾಗಿ ಬಿಸಿಲು ಬೀಳದ ಉತ್ತರಕ್ಕೆ ಗೋಡೆಯುದ್ದಕ್ಕೂ ಕಿಟಕಿ, ಬಿಸಿಲು ಬೀಳುವ ದಕ್ಷಿಣಕ್ಕೆ ಕಿಂಡಿಯೂ ಇಲ್ಲದ ದಪ್ಪ ಗೋಡೆ. ಕಿಟಕಿಯ ಬಳಿ ಉಗುರಿನಷ್ಟು ಚಿಕ್ಕ ಹೊಲಿಗೆ ಮೆಷಿನ್ನನ್ನೂ ರಟ್ಟಿನಲ್ಲಿ ಕತ್ತರಿಸಿ ಅಂಟಿಸಿದ್ದಳು. ಮುಗಿಸಿ ನೋಡಿದಾಗ ತನ್ನ ದೃಷ್ಟಿಯೇ ತಾಗೀತು ಅನ್ನಿಸಿತ್ತು.

ಮೇಷ್ಟ್ರು ದೀಪ ಹಚ್ಚಿದರು. ಉದ್ದ ಕೋಲಿನ ತುದಿಗೆ ಕಟ್ಟಿದ ಒಂದು ಬಲ್ಬು. ಅದನ್ನು ಮೇಜಿನ ಪೂರ್ವದ ಅಂಚಿನಿಂದ ಮೆಲ್ಲಗೆ ಮೇಲೆತ್ತತೊಡಗಿದರು. ರಟ್ಟಿನ ಊರಿಗೆ ಬೆಳಗಾಯಿತು. ಮೇಜಿನ ತುದಿಯವರೆಗೂ ಚಾಚಿದ್ದ ನೆರಳುಗಳು ನಿಧಾನಕ್ಕೆ ಕಾಲು ಮಡಚಿಕೊಂಡವು. ಒಂದು ಮನೆಯ ಬಾಗಿಲ ಸಂದಿಯಿಂದ ಬೆಳಕಿನ ಗೆರೆಯೊಂದು ಒಳಗೆ ಹೋಗಿ, ಗೋಡೆ ಹತ್ತಿ, ಮಾಯವಾಯಿತು.

"ಈ ಮನೆ ಯಾರ್ದು?"

"ನಮ್ಮ ತಾತಂದು. ವಾಚ್ ರಿಪೇರಿ ಮಾಡ್ತಾರೆ," ಎಂದ ಕನ್ನಡಕದ ಹುಡುಗನೊಬ್ಬ.

"ನೋಡು, ನಿಮ್ಮ ತಾತನಿಗೆ ಈಗ ಎಚ್ಚರ ಆಯ್ತು," ಎಂದರು ಮೇಷ್ಟ್ರು.

ಅವಳ ಮೈ ಜುಮ್ಮೆಂದಿತು. ಇಷ್ಟು ವರ್ಷ ಓದಿದ್ದರಲ್ಲಿ ದಿಕ್ಕು ಅಂದರೆ ನಕ್ಷೆಯ ಮೂಲೆಯಲ್ಲಿ ಎಳೆಯುವ ಒಂದು ಬಾಣದ ಗುರುತು. ಹೀಗೆ ಒಬ್ಬ ಮುದುಕ ಕೋಲು ಹಿಡಿದು ಹಗಲನ್ನೇ ನಡೆಸಿಕೊಂಡು ಬರುತ್ತಾನೆಂದು ಯಾರೂ ಹೇಳಿರಲಿಲ್ಲ. ತಾನು ಇನ್ನೂ ಅ ಆ ಇ ಈ ಕಲಿಯಬೇಕು, ಕಲಿತರೆ ಇವರ ಹತ್ತಿರವೇ ಕಲಿಯಬೇಕು ಎಂದುಕೊಂಡಳು.

ದೀಪ ಮೇಲೇರಿತು. ಏರಿದ್ದು ಉತ್ತರದ ಕಡೆಗೆ ವಾಲಿಕೊಂಡು. ಇದೇನು, ಮೇಷ್ಟ್ರಿಗೆ ದಿಕ್ಕು ತಪ್ಪಿತೇ ಎಂದುಕೊಳ್ಳುವಷ್ಟರಲ್ಲಿ ಚಿಕ್ಕಮ್ಮನ ಕಿಟಕಿಯೊಳಕ್ಕೆ ಬಿಸಿಲು ನುಗ್ಗಿ, ಮೆಷಿನ್ನು, ನೆಲ, ಹಿಂದಿನ ಗೋಡೆ ಎಲ್ಲವೂ ಬೆಳ್ಳಗೆ ಉರಿದವು.

ದಿಕ್ಕು ತಪ್ಪಿದ್ದು ಅವಳಿಗೆ. ಭೂಮಿಯ ಈ ಕೆಳಗಿನ ಅರ್ಧದಲ್ಲಿ ಸೂರ್ಯ ಉತ್ತರಕ್ಕೆ ವಾಲಿ ಸಾಗುತ್ತಾನೆ. ಅದನ್ನು ಓದಿದ್ದಳು, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಗಿಟ್ಟಿಸಿದ್ದಳು. ಕತ್ತರಿ ಹಿಡಿದ ಕೈಗೆ ಮಾತ್ರ ಅದು ಗೊತ್ತಿರಲಿಲ್ಲ. ಬಂದಂದಿನಿಂದ ಬಿಸಿಲು ನೋಡಿ ದಿಕ್ಕು ಹಿಡಿದು ಅಂಗಡಿಗೆ ಹೊರಟರೆ ಬಸ್ ನಿಲ್ದಾಣ ತಲುಪುತ್ತಿದ್ದಳು, ನಿಲ್ದಾಣಕ್ಕೆ ಹೊರಟರೆ ಇನ್ನೆಲ್ಲೋ. ತನಗೆ ಬುದ್ಧಿಯೇ ಮಂಕಾಯಿತೆಂದು ಹೆದರಿದ್ದಳು.

"ಇದು ಹಿಂದುಮುಂದಾಗಿದೆ," ಎಂದು ಕನ್ನಡಕದ ಹುಡುಗ ನಕ್ಕ.

ದೀಪ ನಿಂತಿತು. "ಯಾರ್ದು ಇದು?"

ತಿರುಗಿಸಿ ಇಟ್ಟುಬಿಟ್ಟೆ ಸರ್ ಎಂದರೆ ಸಾಕಿತ್ತು; ಯಾರೂ ಅಲ್ಲಗಳೆಯುತ್ತಿರಲಿಲ್ಲ. ಮಾತು ತುಟಿಯವರೆಗೂ ಬಂದಿತ್ತು. ಆದರೆ ಈ ಮನುಷ್ಯನ ಮುಂದೆ ಸುಳ್ಳಿನಿಂದ ಓದು ಶುರುಮಾಡುವುದು ಅವಳಿಗೆ ಬೇಡವಾಯಿತು.

"ನಂದು ಸರ್. ತಪ್ಪಾಗಿದೆ. ನಮ್ಮೂರಲ್ಲಿ ಸೂರ್ಯ ಆ ಕಡೆಯಿಂದ ಹೋಗ್ತಾನೆ. ನಾನು ಆ ಸೂರ್ಯನಿಗೇ ಕಟ್ಬಿಟ್ಟೆ."

"ಇಲ್ಲಿ ಕೂರೋರು ಯಾರು?"

"ನಮ್ಮ ಚಿಕ್ಕಮ್ಮ. ಬಟ್ಟೆ ಹೊಲೀತಾರೆ. ಅವರಿಗೆ ಬೆಳಕು ಬೇಕು ಸರ್, ಬಿಸಿಲು ಆಗಲ್ಲ."

ಮೇಷ್ಟ್ರು ಕೋಲನ್ನು ಕನ್ನಡಕದ ಹುಡುಗನಿಗೆ ಹಿಡಿಯಲು ಕೊಟ್ಟು, ಬಗ್ಗಿ, ಅವಳ ಮನೆಯನ್ನು ಎರಡೂ ಕೈಯಲ್ಲಿ ಎತ್ತಿದರು. ಹೇಳಿಸಿಕೊಳ್ಳುವುದೇಕೆಂದು ಅವಳು ತಾನಾಗಿಯೇ ಎರಡೂ ಕೈ ಮುಂದೆ ಚಾಚಿದಳು. ಚಿಕ್ಕಮ್ಮನಿಗೆ ಫೋನಿನಲ್ಲಿ ಏನು ಹೇಳುವುದೆಂದು ಆಗಲೇ ಮಾತು ಹುಡುಕುತ್ತಿದ್ದಳು. ಮೇಷ್ಟ್ರು ಅವಳ ಕೈಗಳನ್ನು ನೋಡಲೇ ಇಲ್ಲ. ಕಿಟಕಿಗೆ ಒಂದು ಕಣ್ಣಿಟ್ಟು ಬಹಳ ಹೊತ್ತು ಒಳಗೆ ಇಣುಕಿದರು. ಆಮೇಲೆ ಮನೆಯನ್ನು ಮೊದಲಿದ್ದ ಹಾಗೆಯೇ, ಕಿಟಕಿ ಉತ್ತರಕ್ಕೆ ಮಾಡಿ, ಮೇಜಿನ ಮೇಲಿಟ್ಟರು. ಹುಡುಗನಿಂದ ದೀಪದ ಕೋಲು ಇಸಿದುಕೊಂಡು ಅವಳ ಚಾಚಿದ ಕೈಗಳಲ್ಲಿ ಇರಿಸಿದರು.

"ನಾನು ಹುಟ್ಟಿದ್ದೂ ಇಲ್ಲೇ, ಕಟ್ಟಿದ್ದೂ ಇಲ್ಲೇ. ಒಂದೇ ಸೂರ್ಯನ್ನ ನೋಡಿಕೊಂಡು ಮುದುಕ ಆದೆ," ಎಂದರು. "ನಿಮ್ಮೂರಿಂದು ಹ್ಯಾಗೆ ಹೋಗುತ್ತೆ, ತೋರಿಸಮ್ಮ."

ಕೋಲು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಅವಳು ಪೂರ್ವದ ಅಂಚಿಗೆ ಹೋಗಿ ದೀಪವನ್ನು ಕೆಳಗಿನಿಂದ ಎತ್ತಿದಳು. ಭಾರಕ್ಕೆ ಕೋಲು ತೂಗಾಡಿತು, ರಟ್ಟಿನ ಊರಿನ ನೆರಳುಗಳೆಲ್ಲ ಜೊತೆಗೇ ತೂಗಾಡಿದವು. ದಕ್ಷಿಣದ ಬದಿಯಲ್ಲಿ ಒತ್ತಾಗಿ ನಿಂತಿದ್ದವರು, ಯಾರೂ ಹೇಳದೆ, ಹಿಂದೆ ಸರಿದು ದಾರಿ ಬಿಟ್ಟರು. ಕನ್ನಡಕದ ಹುಡುಗ ತನ್ನ ಚೀಲವನ್ನೂ ಎಳೆದುಕೊಂಡ.

ಅವಳು ನಡೆದಳು. ದಪ್ಪ ಗೋಡೆ ಬಿಸಿಲನ್ನೆಲ್ಲ ಬೆನ್ನಿಗೆ ತೆಗೆದುಕೊಂಡಿತು. ಮೇಷ್ಟ್ರು ಮೇಜಿನ ಅಂಚು ಹಿಡಿದು, ಮಂಡಿ ನೋವಿಗೆ ಒಮ್ಮೆ ಮುಖ ಕಿವುಚಿ, ನೆಲಕ್ಕೆ ಮಂಡಿಯೂರಿ ಕಿಟಕಿಗೆ ಕಣ್ಣಿಟ್ಟರು. ಒಳಗೆ ಒಂದೂ ಗೆರೆಯಿಲ್ಲದ, ಎಲ್ಲೂ ಚುಚ್ಚದ ಬೆಳಕು ಮೆಷಿನ್ನಿನ ಸುತ್ತ ತುಂಬಿಕೊಂಡಿತ್ತು.

"ನಿಧಾನ," ಎಂದರು ಅವರು, ಕಣ್ಣು ತೆಗೆಯದೆ. "ಚಿಕ್ಕಮ್ಮ ಇನ್ನೂ ದಾರ ಪೋಣಿಸ್ತಿದ್ದಾರೆ."

ಅವಳು ಸೂರ್ಯನನ್ನು ಅಲ್ಲೇ ನಿಲ್ಲಿಸಿಕೊಂಡು ನಿಂತಳು.