ಸೊಂಟದ ಮೇಲಿನ ಸಂತ

ಬೀದಿಗೆಲ್ಲ ಇಸ್ತ್ರಿಯಕ್ಕ ಎಂದೇ ಹೆಸರಾದ ಮುದುಕಿಗೆ ತೊಂಬತ್ತು ದಾಟಿತ್ತು. ಅಂಗಡಿಯನ್ನು ಸೊಸೆಗೆ ಬಿಟ್ಟುಕೊಟ್ಟಿದ್ದರೂ ಬಟ್ಟೆ ರಾಶಿಯ ಪಕ್ಕದ ಕುರ್ಚಿಯನ್ನು ಬಿಟ್ಟುಕೊಟ್ಟಿರಲಿಲ್ಲ. ಬಿಷಪ್ ಆಗಿ ಬಾಳಿ, ತೀರಿಹೋಗಿ ಎಷ್ಟೋ ವರ್ಷವಾಗಿದ್ದ ಅವಳ ತಮ್ಮನನ್ನು ಆ ವರ್ಷ ಸಂತನೆಂದು ಸಾರಿದ್ದರು. ಅವನ ಮೂಳೆಯ ಚೂರೊಂದು ಭಕ್ತರ ದರ್ಶನಕ್ಕೆಂದು ಗಾಜಿನ ಪೆಟ್ಟಿಗೆಯಲ್ಲಿ ಊರಿನ ಚರ್ಚಿಗೆ ಬಂದಿತ್ತು. ಭಾನುವಾರದ ಪೂಜೆಯಲ್ಲಿ ಅದನ್ನು ಬಾಗಿಲಿನಿಂದ ಬಲಿಪೀಠದವರೆಗೆ ಒಡಹುಟ್ಟಿದವಳೇ ಒಯ್ಯಬೇಕೆಂದು ಹೇಳಲು ಪಾದ್ರಿ ಅಂಗಡಿಗೆ ಬಂದರು. ಇಟ್ಟ ಮೇಲೆ ಮಂಡಿಯೂರಿ ಪೆಟ್ಟಿಗೆಗೆ ಮುತ್ತಿಡಬೇಕು ಎಂದೂ ಸೇರಿಸಿದರು.

“ಒಯ್ತೀನಿ ಸ್ವಾಮಿ. ಮಂಡಿ ಮಾತ್ರ ಊರೋಲ್ಲ. ಗುಂಡನ ಮೂಗು ಒರೆಸಿದವಳು ನಾನು.”

ಗುಂಡ ಈಗ ಬರೀ ತಮ್ಮನಲ್ಲ ಎಂದು ಪಾದ್ರಿ ಮೆಲ್ಲಗೆ ತಿಳಿಹೇಳಿದರು. ಅದು ಅವಳಿಗೆ ಗೊತ್ತಿಲ್ಲದ್ದೇ? ಬಿಷಪ್ ಮನೆಯ ಕೋಣೆಗಳನ್ನೆಲ್ಲ ಕ್ಷಯದ ರೋಗಿಗಳಿಗೆ ಬಿಟ್ಟು ತಾನು ಜಗುಲಿಯಲ್ಲಿ ಮಲಗಿದವನು ಅವನು. ಆ ಕೋಣೆಗಳೇ ಬೆಳೆದು ಇವತ್ತಿನ ದೊಡ್ಡಾಸ್ಪತ್ರೆಯಾಗಿವೆ. ಅಕ್ಕ ಹೊಲಿದುಕೊಟ್ಟ ಅಂಗಿ ಅವನ ಮೈಮೇಲೆ ಒಂದು ವಾರ ನಿಲ್ಲುತ್ತಿರಲಿಲ್ಲ. ಜೈಲಿನಿಂದ ಬಿಡುಗಡೆಯಾದವನೊಬ್ಬ ಒಮ್ಮೆ ಅಂಥದೇ ಅಂಗಿಯನ್ನು ಇಸ್ತ್ರಿಗೆ ತಂದಿದ್ದ. ತನ್ನ ಹೊಲಿಗೆಯ ಗುರುತು ಹಿಡಿದ ಅವಳು ತಮ್ಮನಿಗೆ ಬಾಯ್ತುಂಬ ಬೈದು, ಅಂಗಿಯನ್ನು ಪುಕ್ಕಟೆಯಾಗಿ ಗರಿಗರಿ ಮಾಡಿಕೊಟ್ಟಿದ್ದಳು. ಅವನು ಸಂತನಾದದ್ದಕ್ಕೆ ಅವಳದೇನೂ ತಕರಾರಿಲ್ಲ. ಆದರೆ ಅಕ್ಕನೂ ಮಂಡಿಯೂರಿಬಿಟ್ಟರೆ ನಾಳೆ ಅವನಿಗೆ ಬೈಯುವವರು ಯಾರು? ಬೈಯಲು ಒಬ್ಬರೂ ಇಲ್ಲದವನು ತಮ್ಮನಾಗಿ ಉಳಿಯುವುದಾದರೂ ಹೇಗೆ?

ಹಾಗಾದರೆ ಬೇರೆಯವರ ಕೈಗೆ ಕೊಡಬೇಕಾದೀತು ಎಂದರು ಪಾದ್ರಿ. ತಮ್ಮ ಸತ್ತಾಗ ಅಕ್ಕ ಜ್ವರದಿಂದ ಹಾಸಿಗೆ ಹಿಡಿದಿದ್ದಳು. ಶವಪೆಟ್ಟಿಗೆಗೆ ಕೈ ಮುಟ್ಟಿಸಲೂ ಆಗಿರಲಿಲ್ಲ. ಈಗ ಇದೂ ತಪ್ಪಿದರೆ ಮತ್ತೆ ಸಿಕ್ಕುವುದಿಲ್ಲ.

ಮಂಡಿ ನೋವು ಅಂತ ಹೇಳಿಬಿಡಿ ಅತ್ತೆ ಎಂದು ಸೊಸೆ ಕಿವಿಯಲ್ಲಿ ಉಪಾಯ ಊದಿದಳು.

“ಮಂಡಿ ಗಟ್ಟಿಯಾಗೇ ಇದೆ. ಸುಳ್ಳು ಹೇಳ್ಕೊಂಡು ಚರ್ಚಿಗೆ ಹೋಗ್ಲಾ?”

ಪಾದ್ರಿಗೆ ನಗು ತಡೆಯಲಾಗಲಿಲ್ಲ. ನೀವೇ ಒಯ್ಯಿರಿ, ಆಮೇಲಿನದು ದೇವರ ಚಿತ್ತ ಎಂದು ಎದ್ದು ಹೋದರು.

ಭಾನುವಾರ ಚರ್ಚಿನಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದು ನಡೆಯಬೇಕೆಂದು ಹೇಳಿಕೊಟ್ಟಿದ್ದರು. ನಾಲ್ಕು ಬೆಂಚು ದಾಟುವುದರೊಳಗೆ ಅಕ್ಕನ ತೋಳು ಸೋತಿತು. ಯೋಚನೆಯನ್ನೇ ಮಾಡದೆ ಪೆಟ್ಟಿಗೆಯನ್ನು ಎಡ ಸೊಂಟಕ್ಕೆ ಏರಿಸಿ, ಒಂದು ಕೈ ಸುತ್ತಿ, ಅತ್ತಿತ್ತ ಓಲಾಡುತ್ತ ಮಗು ಹೊತ್ತವಳಂತೆ ಹೊರಟಳು. ಯಾರೋ ಕಿಸಕ್ಕೆಂದರು. ಪಕ್ಕದ ಹೆಂಗಸು ಕಣ್ಣೊರೆಸಿಕೊಂಡಳು.

ಬಲಿಪೀಠದ ಮೇಲೆ ಪೆಟ್ಟಿಗೆ ಇಟ್ಟಾಯಿತು. ಹಾಡು ಮುಗಿಯಿತು. ಅಕ್ಕ ಕಂಬದಂತೆ ನಿಂತೇ ಇದ್ದಳು. ಗಾಯಕರು ದಿಕ್ಕು ತೋಚದೆ ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು. ಪಾದ್ರಿಯ ಹಣೆಯಲ್ಲಿ ಬೆವರು.

ಆಗ ಅವಳು ಹೆಬ್ಬೆರಳಿನಿಂದ ಗಾಜಿನ ಮೇಲೆ ಪುಟ್ಟದೊಂದು ಶಿಲುಬೆಯ ಗುರುತು ಹಾಕಿದಳು. ಮನೆಯಿಂದ ತಮ್ಮ ಹೊರಟಾಗಲೆಲ್ಲ, ಬಿಷಪ್ ಆದ ಮೇಲೂ, ಅವನ ಹಣೆಗೆ ಹಾಗೇ ಹಾಕಿ ಕಳಿಸುತ್ತಿದ್ದಳು.

“ಹೋಗ್ಬಾ ಗುಂಡ. ಕೇಳ್ಕೊಂಡು ಬಂದೋರನ್ನ ಕಾಯಿಸ್ಬೇಡ.”

ಹಾಡು ತಾನಾಗಿ ನಿಂತಿತು. ಪೂಜೆಗೆ ಬಂದಿದ್ದ ಈಗಿನ ಬಿಷಪ್ ತಾಳೆಮರದಂಥ ಆಳು. ಅವರು ಮೆಟ್ಟಿಲಿಳಿದು ಬಂದು, ತಲೆಯ ಮೇಲಿನ ಟೋಪಿ ತೆಗೆದು, ತಮ್ಮ ಹಣೆಗೂ ಅಂಥದೊಂದು ಗುರುತು ಹಾಕಬೇಕೆಂದು ಅಕ್ಕನೆದುರು ತಲೆ ಬಾಗಿಸಿದರು.

ಅಕ್ಕ ಕೈ ಎತ್ತಿ ನೋಡಿದಳು.

“ಇನ್ನೊಂಚೂರು ಬಗ್ಗಪ್ಪ, ಎಟುಕ್ತಿಲ್ಲ.”

ಬಿಷಪ್ ಮಂಡಿಯೂರಿದರು.